ಎಡಗಾಲಿನ ಉದಾಸೀನ

ಕಾರ್ಕಳ
12 ಜನವರಿ 2025

ಭಾವನವರಿಗೆ ಶುಭಾಳ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಒಬ್ಬಳ ಮೊಣಕಾಲು ಬಿಟ್ಟು. ಆ ಮೊಣಕಾಲಿನ ಸಲುವಾಗಿಯೇ ಈ ಪತ್ರ. ಫೋನಿನಲ್ಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಮನೆಯ ಫೋನಿನ ಕಥೆ ನಿಮಗೆ ಗೊತ್ತು. ಅಪ್ಪನ ಕಿವಿ ಮಂದವಾದಂದಿನಿಂದ ಅದು ಸ್ಪೀಕರಿನಲ್ಲೇ ಇರುವುದು. ನಾನು ಒಂದು ಕೇಳಿದರೆ ಅಪ್ಪ ಎರಡು ಹೇಳುತ್ತಾರೆ, ನಡುವೆ ಅಮ್ಮ ಮೊಮ್ಮಗಳು ಹಿತಾಳ ನೆಗಡಿ ಹೋಯಿತಾ ಎಂದು ಕೇಳುತ್ತಾರೆ, ಆ ಕಡೆಯಿಂದ ಪೂಜಿತಕ್ಕ ಡಚ್ಚರ ನಾಡಿನ ಚಳಿಯ ವರ್ಣನೆ ಶುರುಮಾಡುತ್ತಾಳೆ. ಅದಕ್ಕೇ ಕಾಲೇಜಿನ ಹಾಳೆಯಲ್ಲಿ ಬರೆದು, ಫೋಟೊ ತೆಗೆದು ನಿಮ್ಮ ಇಮೇಲಿಗೆ ಹಾಕುತ್ತಿದ್ದೇನೆ. ನನ್ನ ಮದುವೆಯ ವಿಷಯ ಇದರಲ್ಲಿ ಇಲ್ಲ, ಹೆದರದೆ ಓದಿ.

ನಮ್ಮ ಪಿಯು ಕಾಲೇಜಿನ ಕಬಡ್ಡಿ ತಂಡದಲ್ಲಿ ಅನನ್ಯಾ ಎಂಬ ಹುಡುಗಿ ಇದ್ದಾಳೆ. ಹದಿನೇಳು ವರ್ಷ. ನಾನು ಪಿಟಿ ಟೀಚರ್ ಆಗಿ ಒಂಬತ್ತು ವರ್ಷವಾಯಿತು, ಇಂಥ ರೈಡರನ್ನು ನೋಡಿಲ್ಲ. ಕಳೆದ ತಿಂಗಳು ಮೂಡುಬಿದಿರೆಯ ಪಂದ್ಯದಲ್ಲಿ ಮೂವರು ಹಿಡಿದು ಎಳೆದಾಗ ಅವಳ ಬಲ ಮೊಣಕಾಲು ತಿರುಚಿತು. ಟಪ್ ಎಂಬ ಸದ್ದು ಗೆರೆಯಾಚೆ ನಿಂತ ನನಗೂ ಕೇಳಿಸಿತು. ಸ್ಕ್ಯಾನ್ ಮಾಡುವ ಮೊದಲೇ ನನಗೆ ಗೊತ್ತಿತ್ತು, ಅದೇ ಲಿಗಮೆಂಟ್, ನಾನು ಕಬಡ್ಡಿ ಆಡುವಾಗ ನನಗೆ ಹರಿದದ್ದೇ.

ಮಂಗಳೂರಿನ ಡಾಕ್ಟರು ಫೆಬ್ರವರಿ ಕೊನೆಗೆ ಆಪರೇಷನ್ ಇಟ್ಟಿದ್ದಾರೆ. ತೊಡೆಯ ಹಿಂದಿನ ನರ ತೆಗೆದು ಮೊಣಕಾಲಿನೊಳಗೆ ಹೊಸ ಲಿಗಮೆಂಟ್ ಕಟ್ಟುತ್ತಾರಂತೆ, ನೀವು ನನಗೆ ಮಾಡಿದ ಹಾಗೆಯೇ. ಆದರೆ ಅವರು ನರ ತೆಗೆಯುವುದು ಪೆಟ್ಟಾದ ಕಾಲಿನಿಂದ ಮಾತ್ರವಂತೆ. ನಾನು ಬಿಡಲಿಲ್ಲ. "ಡಾಕ್ಟ್ರೇ, ನಂಗೆ ಎರಡೂ ಕಾಲಿಂದು ತೆಗ್ದು ಕಟ್ಟಿದ್ದು. ಅದು ಗಟ್ಟಿ ಅಂತೆ. ಇವಳಿಗೂ ಹಾಗೇ ಮಾಡಿ" ಎಂದೆ. ಅವರು ಬೇಡವೇ ಬೇಡ ಎಂದರು.

ಅನನ್ಯಾಳ ತಂದೆ ಹರಿಪ್ರಸಾದರು ಬಸ್ ಕಂಡಕ್ಟರ್. ಅವರಿಗೆ ಡಾಕ್ಟರಿಗಿಂತ ನನ್ನ ಮೇಲೆ ನಂಬಿಕೆ ಜಾಸ್ತಿ. ಅಪ್ಪ ಅವರನ್ನು ಮನೆಗೆ ಕರೆಸಿ, ನನ್ನ ಎಡಗಾಲಿನ ಕಲೆ ತೋರಿಸಿ, "ನಮ್ಮ ಅಳಿಯ ಎರಡು ಕಾಲಿನ ನರ ಸೇರಿಸಿ ಕಟ್ಟಿದ್ದು. ಜಿಲ್ಲೆಯಲ್ಲಿ ಬೇರೆ ಯಾರು ಮಾಡ್ತಾರೆ ಹೇಳಿ" ಎಂದು ಎಂದಿನ ಭಾಷಣ ಮಾಡಿದರು. ನಾನು ಎಂದಿನ ಹಾಗೆ ಪ್ಯಾಂಟು ಮಡಚಿ ನಿಂತೆ.

ನೀವು ಎರಡು ಸಾಲು ಬರೆದುಕೊಡಿ ಭಾವ. ಹೊರದೇಶದ ಡಾಕ್ಟರ ಕಾಗದ ತೋರಿಸಿದರೆ ಇವರು ಒಪ್ಪಿಯಾರು. ನನ್ನ ಕಾಲು ಮೊದಲಿನಂತಾಗಲಿಲ್ಲ, ನಿಜ. ಆದರೆ ಅದು ವ್ಯಾಯಾಮದಲ್ಲಿ ನಾನು ಉದಾಸೀನ ಮಾಡಿದ್ದಕ್ಕೆ, ನಿಮ್ಮ ಕೆಲಸದ ತಪ್ಪಲ್ಲ. ನನ್ನ ಹಾಗೆ ಸೋಮಾರಿಯಾಗಬೇಡ ಎಂದು ಅನನ್ಯಾಳಿಗೆ ಮೊದಲೇ ಹೇಳಿಟ್ಟಿದ್ದೇನೆ.

ಇತಿ,
ನಿಮ್ಮ ಉದಾಸೀನದ ನಾದಿನಿ,
ಶುಭಾ


ಯುಟ್ರೆಕ್ಟ್
19 ಜನವರಿ 2025

ಶುಭಾ,

ನಿನ್ನ ಪತ್ರ ಸಿಕ್ಕಿತು. ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೆಯೇ ಇದೆ. ಇಲ್ಲಿ ಸೈಕಲ್ ದಾರಿಯ ಮೇಲೆ ನೀರು ಹೆಪ್ಪುಗಟ್ಟಿ ಕನ್ನಡಿಯಾಗಿದೆ. ನಿನ್ನಕ್ಕ ಸ್ಟೇಷನ್ನಿಗೆ ನಡೆದೇ ಹೋಗುತ್ತಾಳೆ, ಹಿತಾ ಮಾತ್ರ ಬೀಳುವುದೇ ಆಟ ಎಂದುಕೊಂಡಿದ್ದಾಳೆ.

ಅನನ್ಯಾಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಡಾಕ್ಟರು ಹೇಳಿದ್ದು ಸರಿ, ಒಂದು ಕಾಲು ಸಾಕು. ನೀವೆಲ್ಲ ನರ ಎನ್ನುವುದು ನಿಜವಾಗಿ ಟೆಂಡನ್, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ಅದನ್ನು ಎಲ್ಲಿಂದ ತೆಗೆಯುತ್ತೇವೋ ಆ ಜಾಗಕ್ಕೂ ನಷ್ಟವಾಗುತ್ತದೆ. ಒಂದು ಗೋಡೆ ಸರಿಮಾಡಲು ಇನ್ನೊಂದು ಗೋಡೆಯ ಕಲ್ಲು ಕಿತ್ತ ಹಾಗೆ. ಇಲ್ಲಿ ನಮ್ಮ ತಂಡದ ಕೆಲಸವೇ ಆ ನಷ್ಟವನ್ನು ಕಡಿಮೆ ಮಾಡುವುದು. ಸತ್ತ ಮೇಲೆ ದೇಹ ದಾನ ಕೊಟ್ಟವರ ಕಾಲುಗಳ ಮೇಲೆ ಪ್ರಯೋಗ ಮಾಡುತ್ತೇವೆ. ಮುಂದಿನಿಂದ ಉದ್ದಕ್ಕೆ ಕೊಯ್ಯುವ ಬದಲು ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಒಂದಂಗುಲ ಕೊಯ್ದರೆ ಚರ್ಮದ ನರಗಳು ಉಳಿಯುತ್ತವೆಯೇ, ಎರಡು ಟೆಂಡನ್ ಬದಲು ಒಂದೇ ತೆಗೆದರೆ ಸಾಲುತ್ತದೆಯೇ, ಇಂಥದ್ದನ್ನೆಲ್ಲ ಅಳೆದು ಬರೆದಿಡುತ್ತೇವೆ. ಆಪರೇಷನ್ ಆದವರನ್ನು ಆರು ತಿಂಗಳ ನಂತರ ಕರೆದು, ಮಂಡಿಯೂರಲು ಆಗುತ್ತದೆಯೇ, ಹಿಮ್ಮಡಿಯನ್ನು ಹಿಂದಕ್ಕೆ ಎಳೆಯುವ ಬಲ ಎಷ್ಟಿದೆ ಎಂದು ಕೇಳುತ್ತೇವೆ.

ಹಾಗಾಗಿ ಎರಡು ಕಾಲಿನ ಹಟ ಬಿಡು. ನಿನಗೆ ಮಾಡಿದಾಗಿನ ಪದ್ಧತಿ ಬೇರೆ, ಈಗಿನ ಪದ್ಧತಿ ಬೇರೆ. ಹತ್ತು ವರ್ಷದಲ್ಲಿ ವೈದ್ಯಶಾಸ್ತ್ರ ಬಹಳ ಮುಂದೆ ಹೋಗಿದೆ. ಇಷ್ಟನ್ನು ಹರಿಪ್ರಸಾದರಿಗೆ ಹೇಳಿದರೆ ಸಾಕು, ನನ್ನ ಕಾಗದ ಬೇಕಾಗದು.

ಮಾವನಿಗೆ, ಅತ್ತೆಗೆ ನಮಸ್ಕಾರ ತಿಳಿಸು.

ಹೃಷಿಕೇಶ್


ಕಾರ್ಕಳ
1 ಫೆಬ್ರವರಿ 2025

ಭಾವ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಾಠ ಚೆನ್ನಾಗಿತ್ತು, ಉತ್ತರ ಸಿಗಲಿಲ್ಲ.

ಪದ್ಧತಿ ಬದಲಾಗಿದೆ ಎಂದಿರಿ. ಅದನ್ನೇ ಮಂಗಳೂರಿನ ಡಾಕ್ಟರಿಗೆ ಹೇಳಿದೆ. ಅವರು, "ಇಲ್ಲ ಟೀಚರೇ, ಹತ್ತು ವರ್ಷದ ಹಿಂದೆಯೂ ಒಂದೇ ಕಾಲು. ನಿಮ್ಗೆ ಯಾರು ಮಾಡಿದ್ದು?" ಎಂದರು. ನಾನು ಎದೆಯುಬ್ಬಿಸಿ ನಿಮ್ಮ ಹೆಸರು ಹೇಳಿದೆ. ಅವರು ನನ್ನ ಕಾಲನ್ನು ಒಮ್ಮೆ ನೋಡಿದರು, ಆಮೇಲೆ ಕಂಪ್ಯೂಟರ್ ನೋಡಿದರು. ಅಪ್ಪನಿಗೆ ಹೇಳಿದರೆ, "ಅವ್ರಿಗೆ ಹೊಟ್ಟೆಕಿಚ್ಚು. ತಮ್ಗೆ ಬಾರದ ಕೆಲ್ಸ ಅಳಿಯ ಮಾಡಿದ್ರಲ್ಲ" ಎಂದು ಒಂದೇ ಮಾತಿನಲ್ಲಿ ಕೇಸು ಮುಗಿಸಿದರು.

ಹರಿಪ್ರಸಾದರಿಗೂ ಹಾಗೇ ಅನಿಸಿದೆ. ಅವರು ಬೇರೆ ಆಸ್ಪತ್ರೆ ಹುಡುಕಿದ್ದಾರೆ. ಅಲ್ಲಿ ಎರಡು ಕಾಲಿನಿಂದ ತೆಗೆಯಿರಿ ಎಂದು ಬರೆದುಕೊಟ್ಟರೆ ತೆಗೆಯುತ್ತಾರಂತೆ. ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ದಿನ ಸಿಕ್ಕಿದೆ. ನಾನು ಬೇಡ ಎಂದರೆ ಅವರು ಬಿಡುತ್ತಾರೆ, ಬೇಕು ಎಂದರೆ ಮಾಡಿಸುತ್ತಾರೆ. ಇನ್ನೊಬ್ಬರ ಮಗಳ ಕಾಲು ನನ್ನ ನಾಲಗೆಯ ಮೇಲೆ ನಿಂತಿದೆ. ನಿನ್ನೆ ಅನನ್ಯಾ, "ಮಿಸ್, ನನ್ನ ಎಡಗಾಲಿಗೆ ಎಂತ ಆಗಿದೆ ಅಂತ ಕೊಯ್ಯೋದು?" ಎಂದು ಕೇಳಿದಳು. ನನಗೆ ಗಟ್ಟಿಯಾಗುತ್ತದೆ ಎಂಬ ಒಂದು ಮಾತು ಬಿಟ್ಟು ಬೇರೆ ಗೊತ್ತಿರಲಿಲ್ಲ. ಅದೂ ನೀವು ಹೇಳಿಕೊಟ್ಟ ಮಾತೇ.

ನನಗೆ ಯಾಕೆ ಎರಡು ಕಾಲು ಬೇಕಾಯಿತು, ಅವಳಿಗೆ ಯಾಕೆ ಒಂದು ಸಾಕು? ಇದೊಂದನ್ನು ತಿಳಿಯುವ ಹಾಗೆ ಬರೆಯಿರಿ.

ಶುಭಾ


ಯುಟ್ರೆಕ್ಟ್
8 ಫೆಬ್ರವರಿ 2025

ಶುಭಾ,

ಈ ಪತ್ರವನ್ನು ಮನೆಯಲ್ಲಿ ಬರೆಯಲು ಆಗಲಿಲ್ಲ. ಶನಿವಾರ ಹಿತಾಳನ್ನು ಈಜು ಕಲಿಯಲು ಬಿಟ್ಟು, ಕೊಳದ ಗಾಜಿನ ಈಚೆ ಬೇರೆ ತಂದೆತಾಯಂದಿರ ನಡುವೆ ಕುಳಿತು ಟೈಪ್ ಮಾಡುತ್ತಿದ್ದೇನೆ. ಇಲ್ಲಿ ಯಾರಿಗೂ ಕನ್ನಡ ಬಾರದು. ಧೈರ್ಯಕ್ಕೆ ಅಷ್ಟು ಸಾಕಾಯಿತು ಎಂದರೆ ನನ್ನ ಧೈರ್ಯ ಎಷ್ಟೆಂದು ತಿಳಿದುಕೋ.

ಮೊದಲು ಬೇಕಾದದ್ದು. ಅನನ್ಯಾಳ ಎಡಗಾಲನ್ನು ಯಾರೂ ಮುಟ್ಟಕೂಡದು. ಆ ಬೇರೆ ಆಸ್ಪತ್ರೆ ಬೇಡ, ಮೊದಲಿನ ಡಾಕ್ಟರಲ್ಲಿಗೇ ಕರೆದುಕೊಂಡು ಹೋಗು. ನಿನ್ನ ಎಡಗಾಲನ್ನು ಕೊಯ್ಯುವ ಅಗತ್ಯವೂ ಇರಲಿಲ್ಲ. ಪದ್ಧತಿ ಹಾಗಿತ್ತು ಎಂದು ಕಳೆದ ಪತ್ರದಲ್ಲಿ ಬರೆದದ್ದು ಸುಳ್ಳು. ಗಟ್ಟಿಯಾಗಲು ಎರಡು ಕಾಲಿನಿಂದ ತೆಗೆದೆ ಎಂದು 2014ರಲ್ಲಿ ಹೇಳಿದ್ದೂ ಸುಳ್ಳು. ನಾನು ನಿನ್ನ ಬಲಗಾಲಿನ ಟೆಂಡನ್ನನ್ನು ಹಾಳುಮಾಡಿದೆ, ಅದಕ್ಕೆ ಎಡಗಾಲಿನದ್ದನ್ನು ತೆಗೆದೆ.

ಹೇಗೆ ಎಂಬುದು ನಿನಗೆ ತಿಳಿಯಬೇಕು. ಟೆಂಡನ್ನಿಗೆ ಬಳೆಯಂಥ ಒಂದು ಉಪಕರಣ ಪೋಣಿಸಿ ತೊಡೆಯುದ್ದಕ್ಕೂ ಮೇಲಕ್ಕೆ ತಳ್ಳುತ್ತೇವೆ. ಟೆಂಡನ್ನಿನಿಂದ ಮೀನಖಂಡದ ಕಡೆಗೆ ಒಂದೆರಡು ಎಳೆಗಳು ಹೋಗಿರುತ್ತವೆ. ಅವನ್ನು ಮೊದಲು ಬೆರಳಿನಿಂದ ಹುಡುಕಿ ಬಿಡಿಸಬೇಕು. ಬಿಡಿಸದೆ ತಳ್ಳಿದರೆ ಬಳೆ ದಾರಿ ತಪ್ಪಿ ಟೆಂಡನ್ನನ್ನೇ ಅರ್ಧದಲ್ಲಿ ಕತ್ತರಿಸುತ್ತದೆ. ಬಿಡಿಸಿದ್ದೇವೋ ಇಲ್ಲವೋ ನೋಡಲು ಸುಲಭದ ಗುರುತಿದೆ. ಟೆಂಡನ್ ಎಳೆದಾಗ ಮೀನಖಂಡದ ಚರ್ಮದಲ್ಲಿ ಗುಳಿ ಬಿದ್ದರೆ ಇನ್ನೂ ಒಂದು ಎಳೆ ಅಂಟಿಕೊಂಡಿದೆ ಎಂದು ಅರ್ಥ.

ಆ ದಿನ ಗುಳಿ ಬಿತ್ತು. ನಾನು ನೋಡಿದೆ. ನೋಡಿಯೂ ತಳ್ಳಿದೆ.

ತಾವು ಬರುವ ತನಕ ಕಾಯಬೇಕೆಂದು ನಮ್ಮ ಹಿರಿಯ ಡಾಕ್ಟರು ಹೇಳಿದ್ದರು. ಕಾಯಲಿಲ್ಲ. ಹೊರಗೆ ನಿನ್ನಪ್ಪ, ಕಬಡ್ಡಿ ಕ್ಲಬ್ಬಿನ ಹುಡುಗರು, ಸಂಬಂಧಿಕರು, ಒಟ್ಟು ಹತ್ತುಹನ್ನೆರಡು ಜನ ಕೂತಿದ್ದರು. ಒಂದು ಗಂಟೆಯ ಕೆಲಸ ಎಂದು ಅವರಿಗೆ ಹೇಳಿ ಬಂದಿದ್ದೆ. ಒಪ್ಪಿಗೆಯ ಹಾಳೆ ಕೊಟ್ಟಾಗ ಮಾವ, "ನಮ್ಮ ಅಳಿಯನೇ ಮಾಡುವಾಗ ಓದ್ಲಿಕ್ಕೆ ಎಂತ ಉಂಟು" ಎಂದು ನಗುತ್ತಾ ನಿನ್ನ ಕೈಯಲ್ಲಿ ಸಹಿ ಹಾಕಿಸಿದ್ದರು. ನಾನೊಬ್ಬನೇ ಮಾಡಿದೆ ಅನ್ನಿಸಿಕೊಳ್ಳಬೇಕಿತ್ತು. ಟೆಂಡನ್ ಹೊರಗೆ ಬಂದಾಗ ಗೇಣುದ್ದವೂ ಇರಲಿಲ್ಲ. ಅದೇ ಕಾಲಿನಲ್ಲಿ ಮಂಡಿಚಿಪ್ಪಿನ ಕೆಳಗಿನಿಂದ ತೆಗೆಯುವ ದಾರಿಯಿತ್ತು, ಅದು ನನಗೆ ಸರಿಯಾಗಿ ಬರುತ್ತಿರಲಿಲ್ಲ. ಹಿರಿಯರಿಗೆ ಫೋನ್ ಮಾಡಬಹುದಿತ್ತು, ಮರ್ಯಾದೆಗೆ ಅಂಜಿದೆ. ಎಡಗಾಲು ತೊಳೆಯಿರಿ ಎಂದು ನರ್ಸಿಗೆ ಹೇಳಿದೆ.

ನಿನಗೆ ಬೆನ್ನಿಗೆ ಮಾತ್ರ ಇಂಜೆಕ್ಷನ್ ಕೊಟ್ಟದ್ದು. ನೀನು ಎಚ್ಚರವಾಗಿಯೇ ಇದ್ದೆ. ಪರದೆಯ ಆ ಕಡೆಯಿಂದ, "ಭಾವ, ಮುಗೀತಾ?" ಎಂದು ಕೇಳಿದೆ. ನಾನು, "ಎಲ್ಲ ಸರಿ ಉಂಟು" ಎಂದೆ. ಆಮೇಲೆ ಒಪ್ಪಿಗೆಯ ಹಾಳೆಯಲ್ಲಿ ‘ಬಲಗಾಲು’ ಎಂದಿದ್ದ ಕಡೆ ‘ಎರಡೂ ಕಾಲು’ ಎಂದು ನನ್ನ ಕೈಯಾರೆ ತಿದ್ದಿದೆ.

ಇಷ್ಟಕ್ಕೆ ನಿಂತಿದ್ದರೆ ಒಂದು ತಪ್ಪು ಎನ್ನಬಹುದಿತ್ತು. ಮರುವರ್ಷ ರಾಜ್ಯ ತಂಡದ ಶಿಬಿರದಿಂದ ನಿನ್ನನ್ನು ಕೈಬಿಟ್ಟರು. ನಿನ್ನ ಎಡಗಾಲಿನ ಬ್ಯಾಕ್ ಕಿಕ್ ನೋಡಲು ಪಕ್ಕದ ಊರಿನವರು ಬರುತ್ತಿದ್ದರು, ಆ ಕಿಕ್ ನಿಧಾನವಾಗಿತ್ತು. ಹಿಮ್ಮಡಿಯನ್ನು ಹಿಂದಕ್ಕೆ ಸೆಳೆಯುವ ಟೆಂಡನ್ನನ್ನೇ ನಾನು ತೆಗೆದಿದ್ದೆ, ನಿಧಾನವಾಗದೆ ಏನಾದೀತು. ನೀನು ಫೋನ್ ಮಾಡಿ, "ಭಾವ, ಎಡಗಾಲಿಗೆ ಬಲವೇ ಇಲ್ಲ, ಎಂತ ಮಾಡುದು" ಎಂದೆ. ನಾನು ಹೇಳಿದ್ದು ನಿನಗೆ ನೆನಪಿರಬಹುದು, ನನಗಂತೂ ಅಕ್ಷರ ಅಕ್ಷರ ನೆನಪಿದೆ. "ಡಾಕ್ಟ್ರು ಎಷ್ಟು ಚಂದ ಮಾಡಿದ್ರೂ ಪೇಶೆಂಟ್ ಉದಾಸೀನ ಮಾಡಿದ್ರೆ ಎಂತ ಮಾಡ್ಲಿಕ್ಕಾಗ್ತದೆ." ಫೋನ್ ಸ್ಪೀಕರಿನಲ್ಲಿತ್ತು. ಮಾವ ಕೇಳಿಸಿಕೊಂಡರು. ಅಂದಿನಿಂದ ಆ ಮನೆಯಲ್ಲಿ ನಿನಗೆ ಆ ಹೆಸರು ಬಿತ್ತು. ಕಳೆದ ತಿಂಗಳು ನೀನು ತಮಾಷೆಗೆ ಆ ಹೆಸರಲ್ಲೇ ಸಹಿ ಹಾಕಿದ್ದೆ. ಅದನ್ನು ನೋಡಿದ ಮೇಲೂ ನಾನು ನಿನಗೆ ಪದ್ಧತಿಯ ಪಾಠ ಬರೆದು ಕಳಿಸಿದೆ. ನನಗೆ ನಾಚಿಕೆಯಾಗುತ್ತಿದೆ ಶುಭಾ. ಬೇರೆ ಪದ ಹುಡುಕಿದೆ, ಇಲ್ಲ.

ಕಳೆದ ವಾರ ಇಲ್ಲಿ ಒಂದು ಚಿಕ್ಕ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿಯ ಸರ್ಜನ್ ಆರಡಿ ಎತ್ತರದ ಹೆಂಗಸು. ಆಪರೇಷನ್ ಆದ ಒಬ್ಬ ಯುವಕನ ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕುಳಿತು, "ಟೆಂಡನ್ ತೆಗೆಯುವಾಗ ಚರ್ಮದ ಒಂದು ಸಣ್ಣ ನರ ನನ್ನ ಕೈಯಿಂದ ಕತ್ತರಿಸಿಹೋಯಿತು, ಮೊಣಕಾಲಿನ ಕೆಳಗೆ ನಿಮಗೆ ಮರಗಟ್ಟಿದ ಹಾಗೆ ಅನಿಸಬಹುದು, ತಪ್ಪು ನನ್ನದು" ಎಂದರು. ಅವನು "ಯಾಮರ್" ಎಂದ. ಡಚ್ಚರು ಛೆ ಎನ್ನುವುದೇ ಹಾಗೆ. ಎಷ್ಟು ದಿನ ಹಾಗಿರುತ್ತದೆ ಎಂದು ಕೇಳಿದ, ಉತ್ತರ ಪಡೆದ, ಕಾಫಿ ಕೇಳಿದ. ಐದು ನಿಮಿಷ ಹಿಡಿಯಲಿಲ್ಲ. ನಾನು ಹೊರಗೆ ಬಂದು ಸೈಕಲ್ಲಿನ ಬೀಗಕ್ಕೆ ಮನೆಯ ಕೀಲಿ ಹಾಕಿ ಬಹಳ ಹೊತ್ತು ತಿರುಗಿಸುತ್ತಾ ನಿಂತಿದ್ದೆ.

ಇಲ್ಲಿ ಕತ್ತಿ ಹಿಡಿಯುವ ಪರವಾನಗಿಯ ಪರೀಕ್ಷೆ ಕಷ್ಟ, ಅದಕ್ಕೇ ಸಂಶೋಧನೆಗೆ ಹೋದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಪರೀಕ್ಷೆಗೆ ನಾನು ಅರ್ಜಿಯನ್ನೇ ಹಾಕಿಲ್ಲ. ಸತ್ತವರ ಕಾಲಿನ ಮೀನಖಂಡದಲ್ಲಿ ಗುಳಿ ಬಿದ್ದರೆ ಕೈ ತಾನಾಗಿ ನಿಲ್ಲುತ್ತದೆ. ನಿಲ್ಲಬೇಕಾದ ದಿನ ನಿಲ್ಲಲಿಲ್ಲ.

ಅನನ್ಯಾಳ ಡಾಕ್ಟರಿಗೆ ಇಂದೇ ನಾನು ಬೇರೆಯಾಗಿ ಬರೆಯುತ್ತೇನೆ, ನಿನ್ನ ಕೇಸಿನ ನಿಜವನ್ನೂ ಸೇರಿಸಿ.

ಹೃಷಿಕೇಶ್


ಯುಟ್ರೆಕ್ಟ್
19 ಫೆಬ್ರವರಿ 2025

ಶುಭಾ,

ಹನ್ನೊಂದು ದಿನವಾಯಿತು. ಭಾನುವಾರ ನಿಮ್ಮ ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಮಾವ, "ಶುಭಾ ಗ್ರೌಂಡಿಗೆ ಹೋಗಿದ್ದಾಳೆ" ಎಂದರು. ಸಂಜೆಯ ಬಿಸಿಲು ಇಳಿಯುವ ಮೊದಲೇ ನೀನು ಗ್ರೌಂಡಿಗೆ ಹೋಗುವವಳಲ್ಲ. ನನಗೆ ಬರೆಯದಿದ್ದರೂ ಅಡ್ಡಿಯಿಲ್ಲ. ಅನನ್ಯಾಳಿಗೆ ಒಂದು ಕಾಲು ಎಂದು ಗೊತ್ತಾಯಿತೇ, ಅದೊಂದನ್ನು ತಿಳಿಸು. ಇಪ್ಪತ್ತನಾಲ್ಕು ಹತ್ತಿರ ಬಂತು.

ಹೃಷಿಕೇಶ್


ಕಾರ್ಕಳ
20 ಫೆಬ್ರವರಿ 2025

ಭಾವ,

ಅನನ್ಯಾಳಿಗೆ ಒಂದು ಕಾಲು. ಮೊದಲಿನ ಡಾಕ್ಟರೇ ಮಾಡುತ್ತಾರೆ, ಮಾರ್ಚ್ ಆರಕ್ಕೆ. ಹರಿಪ್ರಸಾದರಿಗೆ, ನಾನು ಹೇಳಿದ್ದು ತಪ್ಪು, ನನಗೆ ಗೊತ್ತಿರಲಿಲ್ಲ ಎಂದು ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ, ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಆ ಪಾಲು ನಿಮ್ಮದಾಗಿತ್ತು, ನಾನು ಹೊತ್ತೆ.

ನಿಮ್ಮ ಪತ್ರ ಬಂದ ದಿನ ತಂಡವನ್ನು ಮನೆಗೆ ಕಳಿಸಿ ಅಂಕಣದಲ್ಲಿ ಒಬ್ಬಳೇ ನಿಂತು ಎಡಗಾಲಿನ ಬ್ಯಾಕ್ ಕಿಕ್ ಹೊಡೆದು ನೋಡಿದೆ. ಕಾಲು ಎಷ್ಟು ಹೋಗುತ್ತದೋ ಅಷ್ಟೇ ಹೋಯಿತು. ಮೊದಲ ಸಲ ನಾನು ಅದನ್ನು ಬೈಯಲಿಲ್ಲ.

ನಿಮಗೆ ಗೊತ್ತಿರಲಿ, ನಾನು ಮೂರು ವರ್ಷ ವ್ಯಾಯಾಮ ಮಾಡಿದ್ದೇನೆ. ಕಾಲಿಗೆ ಮರಳಿನ ಚೀಲ ಕಟ್ಟಿ, ಬೆಳಿಗ್ಗೆ ನೂರು, ಸಂಜೆ ನೂರು. ಮನೆಯ ಹಿಂದೆ, ಯಾರೂ ನೋಡದ ಕಡೆ ಮಾಡುತ್ತಿದ್ದೆ, ಯಾಕೆಂದರೆ ಅಪ್ಪ ನೋಡಿದರೆ, "ಈಗ ಮಾಡಿ ಎಂತ ಪ್ರಯೋಜನ, ಆಗ ಉದಾಸೀನ ಮಾಡಿದೆಯಲ್ಲ" ಎನ್ನುತ್ತಿದ್ದರು. ಕೊನೆಗೆ ನಾನೇ ನಂಬಿದೆ. ಎಲ್ಲೋ ಒಂದು ದಿನ ತಪ್ಪಿಸಿರಬೇಕು, ಎಲ್ಲೋ ಎಣಿಕೆ ಕಡಿಮೆ ಮಾಡಿರಬೇಕು ಎಂದು ಹುಡುಕುತ್ತಿದ್ದೆ.

ನೀವು ಪತ್ರದಲ್ಲಿ ನಾಚಿಕೆ ಎಂದು ಬರೆದಿರಿ. ಅದನ್ನು ನಾನೊಬ್ಬಳೇ ಓದಿದೆ. ನೀವು ನನ್ನನ್ನು ಸೋಮಾರಿ ಮಾಡಿದ್ದು ಸ್ಪೀಕರಿನಲ್ಲಿ, ಮನೆಯವರೆಲ್ಲರ ಎದುರು. ಆ ಹೆಸರು ಬಿಡಿಸುವುದೂ ಅಲ್ಲೇ ಆಗಬೇಕು. ಭಾನುವಾರ ಮಾಡಿ. ಅಪ್ಪ ಇರುತ್ತಾರೆ, ಅಮ್ಮ ಇರುತ್ತಾರೆ, ಅಕ್ಕನನ್ನು ನೀವು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳಿಗೂ ಗೊತ್ತಿಲ್ಲ ಎಂದು ನನಗೆ ಅವಳ ಮಾತಿನಲ್ಲೇ ತಿಳಿಯಿತು.

ಶುಭಾ


ಯುಟ್ರೆಕ್ಟ್
24 ಫೆಬ್ರವರಿ 2025

ಶುಭಾ,

ನಿನ್ನೆ ಹೇಳಲಿಲ್ಲ. ನೀನು ಆ ಕಡೆ ಕಾದು ಕುಳಿತಿದ್ದೆ ಎಂದು ಗೊತ್ತು, ನಿನ್ನ ಧ್ವನಿ ಒಮ್ಮೆಯೂ ಕೇಳಿಸಲಿಲ್ಲ. ಪೂಜಿತಾ ಪಕ್ಕದಲ್ಲೇ ಇದ್ದಳು. ನಾನು ಬಾಯಿ ತೆರೆದೆ, ಹಿತಾಳ ಶಾಲೆಯ ವಿಷಯ ಹೇಳಿದೆ. ಮತ್ತೆ ತೆರೆದೆ, ಇಲ್ಲಿ ಟೊಮೆಟೊಗೆ ರುಚಿಯಿಲ್ಲ ಎಂದೆ. ಮಾವ, "ಅಳಿಯಂದಿರು ಇವತ್ತು ತುಂಬ ಮಾತಾಡ್ತಾರಪ್ಪ" ಎಂದು ಖುಷಿಪಟ್ಟರು. ಅವರು ನನ್ನನ್ನು ಇಂದಿಗೂ ಹಾಗೆ ಬಹುವಚನದಲ್ಲೇ ಕರೆಯುತ್ತಾರಲ್ಲ, ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಫೋನ್ ಇಟ್ಟ ಮೇಲೆ ಪೂಜಿತಾಳಿಗೆ ಹೇಳಿದೆ. ಪೂರ್ತಿ ಹೇಳಿದೆ. ಅವಳು ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು. ಆಮೇಲೆ, "ನನ್ನ ತಂಗಿಗೆ ನಾನೂ ಸೋಮಾರಿ ಅಂದಿದ್ದೇನೆ. ನಿಮ್ಮನ್ನ ನಂಬಿ ಅಂದದ್ದು" ಎಂದಳು. ಆಗಿನಿಂದ ಅವಳು ಅಗತ್ಯವಿದ್ದಷ್ಟೇ ಮಾತಾಡುತ್ತಾಳೆ.

ಇನ್ನೆರಡು ಭಾನುವಾರದ ಗಡುವು ಕೇಳುತ್ತಿಲ್ಲ. ಅನನ್ಯಾಳ ಆಪರೇಷನ್ ಆಗಲಿ, ಅದರ ಮರು ಭಾನುವಾರ ಎಂದುಕೊಂಡೆ. ಬರೆಯುವಾಗಲೇ ಇದು ಕೂಡ ತಪ್ಪಿಸಿಕೊಳ್ಳುವ ದಾರಿಯಂತೆ ಕಾಣುತ್ತದೆ. ಆದ್ದರಿಂದ ದಿನ ಬರೆದುಬಿಡುತ್ತೇನೆ. ಮಾರ್ಚ್ ಎರಡು. ಅಂದು ನಾನು ಬಾಯಿ ಬಿಡದಿದ್ದರೆ ಪೂಜಿತಾ ಹೇಳುತ್ತಾಳೆ, ಹಾಗೆ ಮಾತಾಗಿದೆ.

ಹೃಷಿಕೇಶ್


ಕಾರ್ಕಳ
10 ಮಾರ್ಚ್ 2025

ಭಾವ,

ಅನನ್ಯಾಳ ಆಪರೇಷನ್ ಆಯಿತು. ಮೊಣಕಾಲಿನ ಹಿಂದೆ ಒಂದು ಸಣ್ಣ ಗಾಯ, ಒಂದೇ ಟೆಂಡನ್. ಡಾಕ್ಟರು ನಿಮ್ಮ ಪತ್ರ ಓದಿದ್ದರಂತೆ. ಮೀನಖಂಡವನ್ನು ಎರಡು ಸಲ ನೋಡಿ ಆಮೇಲೆ ಎಳೆದೆ ಎಂದು ನನಗೆ ಹೇಳಿದರು. ಅವಳು ಎಡಗಾಲಿನಲ್ಲಿ ನಿಂತು ವಾಕರ್ ಹಿಡಿದು ನಡೆಯುತ್ತಾಳೆ. "ಮಿಸ್, ಇದು ಉಳೀತಲ್ಲ" ಎಂದು ಆ ಕಾಲನ್ನು ತಟ್ಟಿ ತೋರಿಸಿದಳು. ನಾನು ಹೊರಗೆ ಬಂದು ಸ್ವಲ್ಪ ಅತ್ತೆ, ಮತ್ತೆ ಒಳಗೆ ಹೋದೆ.

ಕಳೆದ ಭಾನುವಾರದ ಅಲ್ಲ, ಅದರ ಹಿಂದಿನ ಭಾನುವಾರದ ವಿಷಯ. ನೀವು ಹೇಳಿದ್ದು ಪೂರ್ತಿ ಕೇಳಿಸಿತು. ಪೂಜಿತಕ್ಕ ಬಾಯಿ ಹಾಕಲಿಲ್ಲ, ನೀವೇ ಹೇಳಿದಿರಿ. ನೀವು ನಿಲ್ಲಿಸಿದ ಮೇಲೆ, "ಕಾಲ್ ಕಟ್ ಆಯ್ತಾ?" ಎಂದು ಅಮ್ಮ ಕೇಳಿದರು. ಅಪ್ಪ, "ಇಲ್ಲ. ಕೇಳ್ತಾ ಉಂಟು" ಎಂದರು. ಆಮೇಲೆ ನಿಮಗೆ, "ನಿಮ್ದು ಊಟ ಆಯ್ತಾ?" ಎಂದು ಕೇಳಿ ಫೋನ್ ಇಟ್ಟುಬಿಟ್ಟರು.

ನನಗೆ ಆಗ ನಿಮ್ಮ ಮೇಲಿನದ್ದಕ್ಕಿಂತ ಹೆಚ್ಚು ಸಿಟ್ಟು ಅಪ್ಪನ ಮೇಲೆ ಬಂತು. ಅಳಿಯನಿಗೆ ಊಟ ಕೇಳಲು ಆ ಬಾಯಿ ತೆರೆಯಿತು, ಮಗಳಿಗೆ ಒಂದು ಮಾತು ಹೇಳಲಿಲ್ಲ. ಆ ದಿನವಿಡೀ ಹೇಳಲಿಲ್ಲ. ನಾನೂ ಮಾತಾಡಿಸಲಿಲ್ಲ. ನಿಮಗೆ ಬರೆಯಲು ಇಷ್ಟು ದಿನ ಬೇಕಾದದ್ದೂ ಅದಕ್ಕೇ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಅಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಬೆಳ್ಳುಳ್ಳಿ ಹಾಕಿ ಕಾಸಿದ ತೆಂಗಿನೆಣ್ಣೆಯ ಬಟ್ಟಲು. ನಿಮಗೆ ನೆನಪುಂಟಲ್ಲ, ಪಂದ್ಯದ ಹಿಂದಿನ ದಿನ ನನ್ನ ಎರಡೂ ಕಾಲಿಗೆ ಎಣ್ಣೆ ಹಚ್ಚುವುದು ಅಪ್ಪನ ಕೆಲಸ. ಆಪರೇಷನ್ ಆದ ಮೇಲೆ ಬಲಗಾಲಿಗೆ ಮಾತ್ರ ಹಚ್ಚಿದರು, ಎಡದ್ದು ಒಳ್ಳೆಯ ಕಾಲಲ್ಲವೇ ಎಂದು. ಶಿಬಿರದಿಂದ ಬಂದ ಮೇಲೆ ಅದನ್ನೂ ನಿಲ್ಲಿಸಿದರು.

"ಎಡಗಾಲು ಕೊಡು" ಎಂದರು.

ಬಸ್ಸಿಗೆ ಹೊತ್ತಾಯಿತು ಎಂದೆ. ಹೋಗಲಿ ಬಸ್ಸು ಎಂದರು. ಕೂತೆ. ಅಪ್ಪ ಪಾದದಿಂದ ಹಚ್ಚುತ್ತಾ ಬಂದರು. ಕಲೆಯ ಹತ್ತಿರ ಬಂದಾಗ ಕೈ ನಿಂತಿತು. ಹೆಬ್ಬೆರಳನ್ನು ಅದರ ಮೇಲಿಟ್ಟು ನನ್ನ ಮುಖ ನೋಡದೆ, "ಬಂದವ್ರಿಗೆಲ್ಲ ಇದ್ನೇ ತೋರ್ಸಿದೆನಲ್ಲ ಮಗಾ ನಾನು" ಎಂದರು. ಅಷ್ಟೇ ಹೇಳಿದ್ದು. ಅಂದಿನಿಂದ ದಿನಾ ಬೆಳಿಗ್ಗೆ ಹಚ್ಚುತ್ತಿದ್ದಾರೆ. ಇದರಿಂದ ಹೋದ ಬಲ ಬರುವುದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಅದು ಈಗ ಸುಳ್ಳಾಗುತ್ತದೆ. ನಮ್ಮ ನಡುವೆ ಸುಳ್ಳು ಬೇಕಾದಷ್ಟಾಯಿತು. ಒಂದು ಮಾತ್ರ ಕೇಳುತ್ತೇನೆ. ಮೇ ತಿಂಗಳ ರಜೆಗೆ ಬಂದಾಗ ಬೆಳಿಗ್ಗೆ ಬೇಗ ಏಳಿ. ಅಪ್ಪ ಎಣ್ಣೆ ಹಚ್ಚುವ ಹೊತ್ತಿಗೆ ಆ ಮೆಟ್ಟಿಲ ಮೇಲೆ ನೀವೂ ಬಂದು ಕೂರಬೇಕು. ಏನೂ ಹೇಳುವುದು ಬೇಡ. ಬಟ್ಟಲು ಹಿಡಿದುಕೊಂಡರೆ ಸಾಕು.

ಇತಿ,
ನಿಮ್ಮ ನಾದಿನಿ,
ಶುಭಾ